ಪ್ರೋಟೀನ್ ಕಂಡರೆ ಬಿಡದ ಹಾಳೆ: ವೆಸ್ಟರ್ನ್ ಬ್ಲಾಟ್‌ನಲ್ಲಿ ನೈಟ್ರೋಸೆಲ್ಯುಲೋಸ್ ಮೆಂಬ್ರೇನ್

ಜೆಲ್ ಓಡಿಸಿ ಆಯಿತು, ಅಂದರೆ ಲೋಳೆಯಂಥ ತೆಳು ಪದರದೊಳಗೆ ವಿದ್ಯುತ್ ಹರಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸಿ ಆಯಿತು. ಜೀವಕೋಶಗಳನ್ನು ಒಡೆದು ತೆಗೆದ ಸಾವಿರಾರು ಪ್ರೋಟೀನ್‌ಗಳು ಈಗ ಗಾತ್ರದ ಪ್ರಕಾರ ಸಾಲಾಗಿ ನಿಂತಿವೆ. ದೊಡ್ಡವು ಮೇಲೆ, ಚಿಕ್ಕವು ಕೆಳಗೆ. ಅಷ್ಟರಲ್ಲಿ ನಿಮಗೆ ಬೇಕಾಗಿರುವುದು ಒಂದೇ ಒಂದು, ಪಿ53 ಎಂಬ ಪ್ರೋಟೀನ್ ಅಂತಿಟ್ಟುಕೊಳ್ಳಿ. ಅದನ್ನೇ ಹುಡುಕಿ ಹಿಡಿಯುವ ಆಂಟಿಬಾಡಿ ಫ್ರಿಜ್ಜಿನಲ್ಲಿ ರೆಡಿ ಇದೆ. ಹಾಗಾದರೆ ಅದನ್ನು ನೇರವಾಗಿ ಜೆಲ್ ಮೇಲೇ ಸುರಿದರೆ ಆಯ್ತಲ್ವಾ?

ಆಗುವುದಿಲ್ಲ. ಪಾಲಿಅಕ್ರಿಲಮೈಡ್ ಜೆಲ್ ಅಂದರೆ ತುಂಬಾ ಒತ್ತಾದ ಬಲೆ. ಪ್ರೋಟೀನ್‌ಗಳು ಅದರೊಳಗೆ ಸಾಗಬೇಕಾದರೆ ವಿದ್ಯುತ್ ಎಳೆಯಬೇಕು. ಆಂಟಿಬಾಡಿಯೇ ಸುಮಾರು 150 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಗುವ ದೊಡ್ಡ ಪ್ರೋಟೀನ್. ಅದು ತಾನಾಗಿಯೇ ಒಳಗೆ ಇಳಿದು, ಗುರಿ ಹುಡುಕಿ, ಹೆಚ್ಚಾದದ್ದೆಲ್ಲ ಮತ್ತೆ ತೊಳೆದು ಹೊರಬರುವ ಹೊತ್ತಿಗೆ ದಿನಗಟ್ಟಲೆ ಆಗುತ್ತದೆ. ಜೊತೆಗೆ ಒಂದು ಮಿಲಿಮೀಟರ್ ದಪ್ಪದ ಆ ಜೆಲ್ ಸ್ವಲ್ಪ ಜೋರಾಗಿ ಅಲ್ಲಾಡಿಸಿದರೂ ಹರಿದು ಚೂರಾಗುತ್ತದೆ.

ಅದಕ್ಕೇ ಈ ಬಿಳಿ ಹಾಳೆ. ಜೆಲ್‌ನಲ್ಲಿದ್ದ ಪ್ರೋಟೀನ್‌ಗಳನ್ನು ಇದ್ದ ಸಾಲಿನಲ್ಲೇ, ಇದ್ದ ಜಾಗದಲ್ಲೇ, ಆಂಟಿಬಾಡಿ ಸುಲಭವಾಗಿ ತಲುಪುವ ಒಂದು ಗಟ್ಟಿ ಹಾಳೆಗೆ, ಅಂದರೆ ಮೆಂಬ್ರೇನಿಗೆ, ದಾಟಿಸುವುದೇ ಬ್ಲಾಟಿಂಗ್. ಹೀಗೆ ದಾಟಿಸಿದ ಪ್ರೋಟೀನನ್ನು ಆಂಟಿಬಾಡಿಯಿಂದ ಹುಡುಕುವುದೇ ವೆಸ್ಟರ್ನ್ ಬ್ಲಾಟ್. ಆ ಹಾಳೆ ಹೆಚ್ಚಾಗಿ ನೈಟ್ರೋಸೆಲ್ಯುಲೋಸ್‌ನದ್ದು. ಅದರ ಸುತ್ತ ನೂರೆಂಟು ನಿಯಮಗಳಿವೆ. ಕೈಯಿಂದ ಮುಟ್ಟಬೇಡಿ, ಒಣಗಲು ಬಿಡಬೇಡಿ, ಗುಳ್ಳೆ ಇರಬಾರದು, ಹಾಲಿನಲ್ಲಿ ನೆನೆಸಿ, ಐದು ಸಲ ತೊಳೆಯಿರಿ. ಲ್ಯಾಬಿಗೆ ಹೊಸದಾಗಿ ಸೇರಿದವರು ಇದನ್ನೆಲ್ಲ ಬಾಯಿಪಾಠ ಮಾಡುತ್ತಾರೆ. ನನ್ನ ಪ್ರಕಾರ ಬಾಯಿಪಾಠ ಬೇಕಿಲ್ಲ. ಈ ಹಾಳೆಗೆ ಯಾವ ಪ್ರೋಟೀನ್ ಸಿಕ್ಕರೂ ಅಂಟಿಸಿಕೊಳ್ಳುವ ಗುಣವಿದೆ. ಇದು ನಿಮಗೆ ಬೇಕಾದದ್ದು, ಇದು ಬೇಡದ್ದು ಎಂದು ಅದು ನೋಡುವುದಿಲ್ಲ. ಹೆಚ್ಚಿನ ನಿಯಮಗಳೆಲ್ಲ ಈ ಒಂದು ಗುಣದಿಂದಲೇ ಹುಟ್ಟಿವೆ.

ಸಿಡಿಮದ್ದಿನ ನೆಂಟ

ಹತ್ತಿಯಲ್ಲೂ ಮರದಲ್ಲೂ ಇರುವುದು ಸೆಲ್ಯುಲೋಸ್. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಸೆಲ್ಯುಲೋಸ್‌ನ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳ ಜಾಗದಲ್ಲಿ ನೈಟ್ರೇಟ್ ಗುಂಪುಗಳು ಬಂದು ಕೂರುತ್ತವೆ. ಇದೇ ನೈಟ್ರೋಸೆಲ್ಯುಲೋಸ್. 1846ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕ್ರಿಸ್ಟಿಯನ್ ಫ್ರೀಡ್ರಿಶ್ ಶೋನ್‌ಬೈನ್ ಇದನ್ನು ಮಾಡಿ ತೋರಿಸಿದಾಗ ಎಲ್ಲರ ಕಣ್ಣಿಗೆ ಬಿದ್ದದ್ದು ಅದು ಉರಿಯುವ ವೇಗ. ಗನ್‌ಕಾಟನ್ ಅಂತ ಹೆಸರಾಯಿತು, ತೋಪು ಬಂದೂಕುಗಳಿಗೆ ಹೋಯಿತು. ನೈಟ್ರೇಟ್ ಕಡಿಮೆ ಇರುವ ಬಗೆಯನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದರೆ ಕೊಲೋಡಿಯನ್. ಅದು ಗಾಯಕ್ಕೆ ಹಚ್ಚುವ ದ್ರವವಾಯಿತು, ಫೋಟೋ ತೆಗೆಯುವ ಗಾಜಿನ ಮೇಲಿನ ಲೇಪವೂ ಆಯಿತು. ಹಳೆಯ ಸಿನಿಮಾ ರೀಲು ಇದರದ್ದೇ. ಇವತ್ತಿಗೂ ನೇಲ್ ಪಾಲಿಶ್ ಬಾಟಲಿಯ ಮೇಲಿನ ಪಟ್ಟಿ ಓದಿದರೆ ನೈಟ್ರೋಸೆಲ್ಯುಲೋಸ್ ಹೆಸರು ಸಿಗುತ್ತದೆ.

ನೈಟ್ರೋಸೆಲ್ಯುಲೋಸ್ ದ್ರಾವಣವನ್ನು ತೆಳ್ಳಗೆ ಹರಡಿ, ದ್ರಾವಕಗಳು ನಿಧಾನಕ್ಕೆ ಆವಿಯಾಗುವಂತೆ ಹದ ಮಾಡಿ ಒಣಗಿಸಿದರೆ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವ ಹಾಳೆ ಸಿಗುತ್ತದೆ. ಮೊದಮೊದಲು ಇದು ಬರೀ ಫಿಲ್ಟರ್ ಆಗಿತ್ತು. 1975ರಲ್ಲಿ ಎಡ್ವಿನ್ ಸದರ್ನ್ ಜೆಲ್‌ನಲ್ಲಿದ್ದ ಡಿಎನ್‌ಎ ತುಂಡುಗಳನ್ನು ಇಂಥ ಹಾಳೆಗೆ ದಾಟಿಸಿ ತೋರಿಸಿದರು. ಅವರ ಹೆಸರಿನಿಂದಲೇ ಅದು ಸದರ್ನ್ ಬ್ಲಾಟ್. 1979ರಲ್ಲಿ ಹ್ಯಾರಿ ಟೋಬಿನ್, ಥಿಯೋಫಿಲ್ ಸ್ಟೇಹೆಲಿನ್, ಜೂಲಿಯನ್ ಗಾರ್ಡನ್ ಮೂವರೂ ಸೇರಿ ವಿದ್ಯುತ್ ಹರಿಸಿ ಪ್ರೋಟೀನ್‌ಗಳನ್ನು ನೈಟ್ರೋಸೆಲ್ಯುಲೋಸ್‌ಗೆ ದಾಟಿಸುವ ವಿಧಾನ ಪ್ರಕಟಿಸಿದರು. ಅವರು ಕೆಲಸ ಮಾಡಿದ ಫ್ರೀಡ್ರಿಶ್ ಮೀಷರ್ ಸಂಸ್ಥೆ ಇರುವುದೂ ಬಾಸೆಲ್‌ನಲ್ಲೇ! ಗನ್‌ಕಾಟನ್ ಹುಟ್ಟಿದ ಊರಿನಲ್ಲೇ 133 ವರ್ಷದ ಮೇಲೆ ಅದರ ಸಾಧು ರೂಪಕ್ಕೆ ಹೊಸ ಕೆಲಸ ಸಿಕ್ಕಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇನ್ನೊಂದು ಗುಂಪು ಬೇರೆ ಬಗೆಯ ಕಾಗದದ ಮೇಲೆ ಇಂಥದ್ದೇ ಕೆಲಸ ಮಾಡಿತ್ತು. 1981ರಲ್ಲಿ ಸಿಯಾಟಲ್‌ನ ನೀಲ್ ಬರ್ನೆಟ್ ತಮ್ಮ ಲೇಖನದಲ್ಲಿ, ಸದರ್ನ್‌ಗೆ ಜೋಡಿಯಾಗಲಿ ಎಂದು ತಮಾಷೆಗೆ ವೆಸ್ಟರ್ನ್ ಅಂತ ಕರೆದರು. ತಮಾಷೆ ಗಟ್ಟಿಯಾಗಿ ನಿಂತಿತು.

ಯಾಕೆ ಅಂಟುತ್ತದೆ?

ಪ್ರೋಟೀನಿಗೂ ಈ ಹಾಳೆಗೂ ನಡುವೆ ರಾಸಾಯನಿಕ ಬಂಧ ಏರ್ಪಡುವುದಿಲ್ಲ. ಇದನ್ನು ಮೊದಲೇ ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು. ನೈಟ್ರೇಟ್ ಗುಂಪುಗಳಲ್ಲಿ ಒಂದು ತುದಿಗೆ ಕೊಂಚ ಧನ, ಇನ್ನೊಂದು ತುದಿಗೆ ಕೊಂಚ ಋಣ ಆವೇಶ ಇರುತ್ತದೆ. ಪ್ರೋಟೀನಿನ ಬೆನ್ನೆಲುಬಾದ ಪೆಪ್ಟೈಡ್ ಬಂಧಗಳಲ್ಲೂ ಹಾಗೇ. ಇವೆರಡೂ ಒಂದನ್ನೊಂದು ಸೆಳೆಯುತ್ತವೆ. ಇದರ ಜೊತೆಗೆ ನೀರನ್ನು ದೂರವಿಡುವ ಭಾಗಗಳು ಒಂದಕ್ಕೊಂದು ಒತ್ತಿಕೊಳ್ಳುವ ಬಲವೂ ಸೇರುತ್ತದೆ. ಒಂದೊಂದು ಸೆಳೆತವೂ ದುರ್ಬಲ. ಆದರೆ ಒಂದು ಪ್ರೋಟೀನಿನ ಉದ್ದಕ್ಕೂ ಇಂಥವು ನೂರಾರು. ಎಲ್ಲ ಸೇರಿದಾಗ ಬಿಡಿಸುವುದು ಸುಲಭವಲ್ಲ.

ಪೆಪ್ಟೈಡ್ ಬಂಧ ಇಲ್ಲದ ಪ್ರೋಟೀನ್ ಇಲ್ಲ. ಹಾಗಾಗಿ ಈ ಹಾಳೆಗೆ ಯಾವುದೂ ಬೇಡವಲ್ಲ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸುಮಾರು 80ರಿಂದ 100 ಮೈಕ್ರೋಗ್ರಾಂ ಪ್ರೋಟೀನ್ ಹಿಡಿಯುತ್ತದೆ. ನೋಡಲು ಚಪ್ಪಟೆ ಹಾಳೆ, ಆದರೆ ರಂಧ್ರಗಳ ಒಳಗೋಡೆಗಳೆಲ್ಲ ಅಂಟುವ ಜಾಗವೇ. ಒಂದು ಇಡೀ ಲೇನಿಗೆ, ಅಂದರೆ ಜೆಲ್‌ನಲ್ಲಿ ಒಂದು ಸ್ಯಾಂಪಲ್ ಓಡುವ ಸಾಲಿಗೆ, ನಾವು ಹಾಕುವುದೇ 20–30 ಮೈಕ್ರೋಗ್ರಾಂ. ಅಂದರೆ ಪ್ರೋಟೀನ್ ಎಲ್ಲ ದಾಟಿದ ಮೇಲೂ ಹಾಳೆಯ ಬಹುಪಾಲು ಖಾಲಿಯೇ ಇರುತ್ತದೆ. ಮುಂದಿನ ತಲೆನೋವಿಗೆಲ್ಲ ಕಾರಣ ಈ ಖಾಲಿ ಜಾಗ.

ರಂಧ್ರದ ಗಾತ್ರ ಎರಡು ಬಗೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ: 0.45 ಮೈಕ್ರಾನ್ ಮತ್ತು 0.2 ಮೈಕ್ರಾನ್. 20 ಕಿಲೋಡಾಲ್ಟನ್‌ಗಿಂತ ಚಿಕ್ಕ ಪ್ರೋಟೀನ್ ಹುಡುಕುತ್ತಿದ್ದರೆ 0.2 ತಗೊಳ್ಳಿ. ರಂಧ್ರ ಚಿಕ್ಕದಾದಷ್ಟೂ ಒಳಗೋಡೆ ಜಾಸ್ತಿ, ಅಂಟಲು ಅವಕಾಶವೂ ಜಾಸ್ತಿ. 0.45ರಲ್ಲಿ ಚಿಕ್ಕ ಪ್ರೋಟೀನ್‌ಗಳು ಅಂಟುವ ಮೊದಲೇ ಆ ಕಡೆಯಿಂದ ಹೊರಗೆ ಹಾರಿಬಿಡುತ್ತವೆ. ಅನುಮಾನ ಇದ್ದರೆ ಒಂದರ ಹಿಂದೆ ಇನ್ನೊಂದು ಮೆಂಬ್ರೇನ್ ಇಟ್ಟು ನೋಡಿ. ಹಿಂದಿನದರಲ್ಲೂ ಬ್ಯಾಂಡ್ (ಪ್ರೋಟೀನ್ ನಿಂತ ಜಾಗದ ಗೆರೆ) ಕಂಡರೆ ಹಾರಿದ್ದು ಖಾತ್ರಿ.

ನೆನೆಸುವುದು

ಮೆಂಬ್ರೇನ್ ಡಬ್ಬಿ ತೆರೆದರೆ ಪ್ರತಿ ಬಿಳಿ ಹಾಳೆಯ ಎರಡೂ ಬದಿಗೆ ಬಣ್ಣದ ಕಾಗದ ಇರುತ್ತದೆ. ಬಣ್ಣದ್ದು ಬರೀ ಹೊದಿಕೆ. ಹೊಸಬರು ಅದನ್ನೇ ಮೆಂಬ್ರೇನ್ ಅಂದುಕೊಂಡು ಬ್ಲಾಟ್ ಮಾಡಿ ಕೂತ ಕಥೆ ಬಹಳಷ್ಟು ಲ್ಯಾಬುಗಳಲ್ಲಿ ಸಿಗುತ್ತದೆ. ಹಾಳೆಯನ್ನು ಹೊದಿಕೆಯ ಜೊತೆಗೇ ಹಿಡಿದು ಜೆಲ್ ಅಳತೆಗೆ ಕತ್ತರಿಸಿ. ಗ್ಲೌಸ್ ಇರಲಿ, ಮೊನೆ ಚೂಪಿಲ್ಲದ ಚಿಮಟ ಇರಲಿ. ಬೆರಳ ಮೇಲೆ ಕೆರಟಿನ್ ಎಂಬ ಪ್ರೋಟೀನ್ ಇದೆ, ಬೆವರಿನಲ್ಲೂ ಪ್ರೋಟೀನ್ ಇದೆ. ಮುಟ್ಟಿದ ಕಡೆ ಹಾಳೆ ಅದನ್ನು ಹಿಡಿದುಕೊಳ್ಳುತ್ತದೆ, ಕೊನೆಯ ಚಿತ್ರದಲ್ಲಿ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿ ಬರುತ್ತದೆ. ಪೌಡರ್ ಇರುವ ಗ್ಲೌಸ್ ಆದರೆ ಪುಡಿಯೂ ಚುಕ್ಕಿಯಾಗಿ ಉಳಿಯುತ್ತದೆ. ಒಂದು ಮೂಲೆ ಸ್ವಲ್ಪ ಕತ್ತರಿಸಿಟ್ಟರೆ ಮುಂದೆ ಯಾವ ಕಡೆ ಮೊದಲ ಲೇನು ಎಂಬ ಗೊಂದಲ ಇರುವುದಿಲ್ಲ.

ಈಗ ಒಂದು ಟ್ರೇಯಲ್ಲಿ ಶುದ್ಧ ನೀರು ತಗೊಳ್ಳಿ. ಹಾಳೆಯನ್ನು ದೊಪ್ಪೆಂದು ಬೀಳಿಸಬೇಡಿ. ಒಂದು ಅಂಚನ್ನು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ನೀರಿಗೆ ತಾಗಿಸಿ ಮೆಲ್ಲಗೆ ಜಾರಿಸಿ. ನೀರು ಕೆಳಗಿನಿಂದ ಹೀರಿಕೊಂಡು ಏರುವುದು ಕಾಣುತ್ತದೆ. ಅಚ್ಚ ಬಿಳಿ ಇದ್ದದ್ದು ಒಂದು ಗೆರೆ ಹಿಡಿದು ಮಾಸಲು ಬೂದಿಗೆ ತಿರುಗುತ್ತಾ ಹೋಗುತ್ತದೆ. ಎಲ್ಲೋ ಒಂದು ಕಡೆ ಬಿಳಿ ಚುಕ್ಕೆ ಹಾಗೇ ಉಳಿದರೆ ಅಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಒಣಗಿದ ಜಾಗದಲ್ಲಿ ವಿದ್ಯುತ್ತೂ ಹರಿಯದು, ಪ್ರೋಟೀನೂ ಬಾರದು. ಆ ಚುಕ್ಕೆ ನಾಳೆ ಬ್ಲಾಟ್‌ನಲ್ಲಿ ತೂತಾಗಿ ಕಾಣುತ್ತದೆ. ಪೂರ್ತಿ ನೆಂದ ಮೇಲೆ ಹತ್ತು ಹದಿನೈದು ನಿಮಿಷ ಟ್ರಾನ್ಸ್‌ಫರ್ ಬಫರಿನಲ್ಲಿ, ಅಂದರೆ ಪ್ರೋಟೀನ್ ದಾಟಿಸುವಾಗ ಬಳಸುವ ದ್ರಾವಣದಲ್ಲಿ, ಬಿಡಿ.

ಶುದ್ಧ ಮೆಥನಾಲಿನಲ್ಲಿ ಮಾತ್ರ ಅದ್ದಬೇಡಿ. ಪಿವಿಡಿಎಫ್ ಎಂಬ ಇನ್ನೊಂದು ಮೆಂಬ್ರೇನಿಗೆ ಆ ಸ್ನಾನ ಬೇಕೇ ಬೇಕು, ಇಲ್ಲದಿದ್ದರೆ ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ. ಆ ಅಭ್ಯಾಸದಲ್ಲಿ ನೈಟ್ರೋಸೆಲ್ಯುಲೋಸನ್ನೂ ಮೆಥನಾಲಿಗೆ ಹಾಕಿದರೆ ಅದು ಮುದುಡಿ ಹಾಳಾಗುತ್ತದೆ.

ದಾಟಿಸುವುದು

ಎಸ್‌ಡಿಎಸ್ ಅಂದರೆ ಜೆಲ್ ಓಡಿಸುವ ಮೊದಲೇ ಸ್ಯಾಂಪಲಿಗೆ ಬೆರೆಸಿರುವ ಒಂದು ಬಗೆಯ ಡಿಟರ್ಜೆಂಟ್. ಅದು ಪ್ರೋಟೀನಿನ ಮೈತುಂಬಾ ಹತ್ತಿಕೊಂಡು ಋಣ ಆವೇಶ ಕೊಟ್ಟಿರುತ್ತದೆ. ಋಣ ಓಡುವುದು ಧನದ ಕಡೆಗೆ. ವಿದ್ಯುತ್ ಹರಿಸಿ ದಾಟಿಸುವ ಪೆಟ್ಟಿಗೆಯಲ್ಲಿ ಕಪ್ಪು ಋಣ, ಕೆಂಪು ಧನ. ಆದ್ದರಿಂದ ಕಪ್ಪಿನ ಕಡೆಯಿಂದ ಸ್ಪಂಜು, ಫಿಲ್ಟರ್ ಪೇಪರ್, ಜೆಲ್, ಮೆಂಬ್ರೇನ್, ಮತ್ತೆ ಫಿಲ್ಟರ್ ಪೇಪರ್, ಸ್ಪಂಜು. ಕಪ್ಪಿಗೆ ಜೆಲ್, ಕೆಂಪಿಗೆ ಮೆಂಬ್ರೇನ್, ಇಷ್ಟು ನೆನಪಿದ್ದರೆ ಸಾಕು. ಉಲ್ಟಾ ಇಟ್ಟರೆ ಪ್ರೋಟೀನೆಲ್ಲ ಬಫರಿಗೆ ಹೋಗಿ ಕರಗುತ್ತದೆ, ವಾಪಸ್ ತರುವ ದಾರಿ ಇಲ್ಲ.

ಮೆಂಬ್ರೇನನ್ನು ಜೆಲ್ ಮೇಲೆ ಒಮ್ಮೆ ಇಟ್ಟ ಮೇಲೆ ಎತ್ತಿ ಸರಿಪಡಿಸಬೇಡಿ. ತಾಗಿದ ಕೂಡಲೇ ಒಂದಿಷ್ಟು ಪ್ರೋಟೀನ್ ಅಂಟಿಬಿಟ್ಟಿರುತ್ತದೆ. ಎತ್ತಿಟ್ಟರೆ ಒಂದೊಂದು ಬ್ಯಾಂಡಿಗೂ ಮಸುಕಾದ ಜೋಡಿ ನೆರಳು ಬರುತ್ತದೆ. ನಡುವೆ ಗಾಳಿಗುಳ್ಳೆ ಇದ್ದರೆ ಒಂದು ರೋಲರ್ ಅಥವಾ ಗಾಜಿನ ಕೊಳವೆ ಉರುಳಿಸಿ ಅಂಚಿಗೆ ತಳ್ಳಿ.

ಬಫರಿನ ಪಾಕ 1979ರಿಂದ ಹೆಚ್ಚೇನೂ ಬದಲಾಗಿಲ್ಲ: 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸಿನ್, 20 ಶೇಕಡಾ ಮೆಥನಾಲ್, ಪಿಎಚ್ 8.3ರ ಆಸುಪಾಸು. ಇಲ್ಲಿ ಮೆಥನಾಲ್ ಯಾಕೆ ಅಂತ ತುಂಬಾ ಜನ ಕೇಳುವುದೇ ಇಲ್ಲ. ಪ್ರೋಟೀನಿನ ಮೈಮೇಲಿನ ಎಸ್‌ಡಿಎಸ್ ಪದರ ಜೆಲ್‌ನಿಂದ ಹೊರಡಲು ಬೇಕು, ಆದರೆ ಮೆಂಬ್ರೇನಿಗೆ ಅಂಟಲು ಅಡ್ಡಿ. ಮೆಥನಾಲ್ ಆ ಡಿಟರ್ಜೆಂಟನ್ನು ಕಳಚುತ್ತದೆ, ಅಂಟುವಿಕೆ ಗಟ್ಟಿಯಾಗುತ್ತದೆ. ಜೆಲ್ ಉಬ್ಬದಂತೆಯೂ ತಡೆಯುತ್ತದೆ. ಆದರೆ ಇದೇ ಮೆಥನಾಲ್ 150–200 ಕಿಲೋಡಾಲ್ಟನ್‌ಗಿಂತ ದೊಡ್ಡ ಪ್ರೋಟೀನ್‌ಗಳಿಗೆ ಶತ್ರು. ಜೆಲ್ ಕುಗ್ಗಿ ಬಲೆ ಇನ್ನೂ ಬಿಗಿಯಾಗುತ್ತದೆ, ಎಸ್‌ಡಿಎಸ್ ಕಳೆದುಕೊಂಡ ದೊಡ್ಡ ಪ್ರೋಟೀನ್ ಒಳಗೇ ಗಂಟುಕಟ್ಟಿ ಕೂರುತ್ತದೆ. ಅಂಥವಕ್ಕೆ ಮೆಥನಾಲ್ 10 ಶೇಕಡಾಕ್ಕೆ ಇಳಿಸಿ, ಚೂರು ಎಸ್‌ಡಿಎಸ್ ಸೇರಿಸುವುದು ವಾಡಿಕೆ. ಒಂದು ಕಡೆ ಹೊರಡಿಸಬೇಕು, ಇನ್ನೊಂದು ಕಡೆ ನಿಲ್ಲಿಸಬೇಕು. ಎಲ್ಲ ಪ್ರೋಟೀನಿಗೂ ಹೊಂದುವ ಒಂದೇ ಹದ ಇಲ್ಲ. ಪಕ್ಕದ ಲ್ಯಾಬಿನವರ ಪ್ರೋಟೋಕಾಲ್ ಸುಮ್ನೆ ನಕಲು ಮಾಡಿದರೆ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಮೆಥನಾಲ್ ವಿಷ, ಕಣ್ಣಿಗೇ ಕುತ್ತು. ಎಷ್ಟೋ ಕಡೆ ಅದರ ಬದಲು ಎಥನಾಲ್ ಬಳಸುತ್ತಾರೆ, ಕೆಲಸ ನಡೆಯುತ್ತದೆ.

ಮಿನಿ ಜೆಲ್‌ಗೆ 100 ವೋಲ್ಟ್‌ನಲ್ಲಿ ಒಂದು ಗಂಟೆ, ಅಥವಾ 30 ವೋಲ್ಟ್‌ನಲ್ಲಿ ರಾತ್ರಿಯಿಡೀ. ಬಫರ್ ಬಿಸಿಯಾಗುವುದರಿಂದ ಪೆಟ್ಟಿಗೆಯೊಳಗೆ ಐಸ್ ಇಡಿ, ಇಲ್ಲವೇ ಕೋಲ್ಡ್ ರೂಮಿಗೆ ಒಯ್ಯಿರಿ.

ದಾಟಿತೇ ಇಲ್ಲವೇ?

ಪೆಟ್ಟಿಗೆ ಬಿಚ್ಚಿದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ಮಾರ್ಕರ್, ಅಂದರೆ ಸ್ಯಾಂಪಲಿನ ಪಕ್ಕದಲ್ಲಿ ಓಡಿಸಿದ, ತೂಕ ಗೊತ್ತಿರುವ ಬಣ್ಣದ ಪ್ರೋಟೀನ್‌ಗಳು. ಅದು ಜೆಲ್ ಬಿಟ್ಟು ಮೆಂಬ್ರೇನಿನಲ್ಲಿದ್ದರೆ ಒಳ್ಳೆಯ ಲಕ್ಷಣ, ಅಷ್ಟೇ. ನಿಮ್ಮ ಸ್ಯಾಂಪಲ್ ಎಲ್ಲ ಲೇನಿನಲ್ಲೂ ಸಮನಾಗಿ ದಾಟಿದೆಯೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಪೋನ್ಸೋ ಎಸ್ ಎಂಬ ಕೆಂಪು ಬಣ್ಣ ಇದೆ. 5 ಶೇಕಡಾ ಅಸಿಟಿಕ್ ಆಮ್ಲದಲ್ಲಿ 0.1 ಶೇಕಡಾ ಕರಗಿಸಿದ್ದು. ಮೆಂಬ್ರೇನನ್ನು ಅದರಲ್ಲಿ ಐದು ನಿಮಿಷ ಅಲ್ಲಾಡಿಸಿ, ನೀರಿನಲ್ಲಿ ಜಾಲಿಸಿದರೆ ಬಿಳಿ ಹಿನ್ನೆಲೆಯಲ್ಲಿ ನಸುಗೆಂಪು ಲೇನುಗಳು ಎದ್ದು ನಿಲ್ಲುತ್ತವೆ. ಗುಳ್ಳೆ ಇದ್ದ ಜಾಗದಲ್ಲಿ ದುಂಡಗಿನ ಬಿಳಿ ತೂತು ಕಾಣುತ್ತದೆ. ಒಂದು ಲೇನು ತೆಳುವಾಗಿದ್ದರೆ ಅಲ್ಲಿ ಪ್ರೋಟೀನ್ ಕಡಿಮೆ ಹಾಕಿದ್ದೀರಿ, ಇಲ್ಲವೇ ಅದು ಸರಿಯಾಗಿ ದಾಟಿಲ್ಲ. ಒಂದು ಫೋಟೋ ತೆಗೆದಿಟ್ಟು ತೊಳೆದುಬಿಟ್ಟರೆ ಬಣ್ಣ ಹೋಗುತ್ತದೆ, ಪ್ರೋಟೀನ್ ಉಳಿಯುತ್ತದೆ. ಈ ಹೆಜ್ಜೆ ಬಿಡುವವರನ್ನು ಕಂಡರೆ ನನಗೆ ಆಶ್ಚರ್ಯ. ಹತ್ತು ನಿಮಿಷ ಉಳಿಸಲು ಹೋಗಿ, ಬ್ಯಾಂಡ್ ಬಾರದಿದ್ದಾಗ ತಪ್ಪು ಆಂಟಿಬಾಡಿಯದೋ ಟ್ರಾನ್ಸ್‌ಫರಿನದೋ ಗೊತ್ತಾಗದೆ ಎರಡು ದಿನ ಕಳೆಯುತ್ತಾರೆ. ಜೆಲ್‌ಗೆ ಹಾಕುವ ಕೂಮಾಸಿ ಎಂಬ ನೀಲಿ ಬಣ್ಣ ಮಾತ್ರ ಇಲ್ಲಿ ಬೇಡ. ಅದು ಹಾಳೆಯನ್ನೇ ನೀಲಿ ಮಾಡಿಬಿಡುತ್ತದೆ.

ಹಾಲಿನ ಪುಡಿಯ ಕೆಲಸ

ಈಗ ಖಾಲಿ ಜಾಗದ ವಿಷಯ. ಆಂಟಿಬಾಡಿಯೂ ಪ್ರೋಟೀನೇ ಅಲ್ವಾ? ನೇರವಾಗಿ ಹಾಕಿದರೆ ಅದು ತನ್ನ ಗುರಿ ಹುಡುಕುವ ಮೊದಲೇ ಹಾಳೆಯ ಖಾಲಿ ಜಾಗಕ್ಕೆಲ್ಲ ಅಂಟುತ್ತದೆ, ಚಿತ್ರ ಪೂರ್ತಿ ಕಪ್ಪಾಗುತ್ತದೆ. ಜಾತ್ರೆ ದಿನ ಬಸ್ಸಿನ ಕಿಟಕಿಯಿಂದ ಸೀಟಿಗೆಲ್ಲ ಟವೆಲ್ ಹಾಕಿ ಹಿಡಿದಿಡುವ ಹಾಗೆ, ಆಂಟಿಬಾಡಿ ಬರುವುದಕ್ಕೆ ಮೊದಲೇ ಖಾಲಿ ಜಾಗಗಳನ್ನು ಯಾವುದೋ ಬಡಪಾಯಿ ಪ್ರೋಟೀನಿನಿಂದ ತುಂಬಿಸಬೇಕು. ಇದೇ ಬ್ಲಾಕಿಂಗ್. ಕೊಬ್ಬು ತೆಗೆದ ಹಾಲಿನ ಪುಡಿ ಇದಕ್ಕೆ ಚೆನ್ನಾಗಿ ಒದಗುತ್ತದೆ ಎಂದು 1984ರಲ್ಲಿ ಪ್ರಕಟವಾಯಿತು. ಆ ವಿಧಾನಕ್ಕೆ ಬ್ಲಾಟೋ ಎಂಬ ಅಡ್ಡಹೆಸರೂ ಬಂತು. ಟ್ವೀನ್ 20 ಎಂಬ ಸೌಮ್ಯ ಡಿಟರ್ಜೆಂಟ್ ಸೇರಿಸಿದ ಉಪ್ಪಿನ ಬಫರಿನಲ್ಲಿ 5 ಶೇಕಡಾ ಹಾಲಿನ ಪುಡಿ, ಒಂದು ಗಂಟೆ ಅಲ್ಲಾಡಿಸಿದರೆ ಆಯಿತು. ದುಬಾರಿ ಕೆಮಿಕಲ್ ಡಬ್ಬಿಯೇ ಬೇಕೆಂದಿಲ್ಲ. ಅಂಗಡಿಯ ಸ್ಕಿಮ್ಡ್ ಹಾಲಿನ ಪುಡಿಯೂ ನಡೆಯುತ್ತದೆ, ಸಕ್ಕರೆ ಗಿಕ್ಕರೆ ಬೆರೆಸಿರಬಾರದು ಅಷ್ಟೇ.

ಹಾಲು ಎಲ್ಲ ಕಡೆಗೂ ಆಗುವುದಿಲ್ಲ. ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ಗುಂಪುಗಳಿವೆ. ಫಾಸ್ಫೇಟ್ ಹತ್ತಿದ ಪ್ರೋಟೀನ್ ಹುಡುಕುವ ಆಂಟಿಬಾಡಿ ಬಳಸುವಾಗ ಅದು ಹಿನ್ನೆಲೆ ಕೆಡಿಸಬಹುದು. ಹಾಲಿನಲ್ಲಿ ಬಯೋಟಿನ್ ಕೂಡ ಇದೆ, ಹಾಗಾಗಿ ಬಯೋಟಿನ್‌ಗೆ ಬಿಗಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್ ಬಳಸುವ ವಿಧಾನಕ್ಕೆ ಹೊಂದುವುದಿಲ್ಲ. ಅಲ್ಲೆಲ್ಲ ಹಸುವಿನ ರಕ್ತದಿಂದ ತೆಗೆದ ಬಿಎಸ್‌ಎ ಅಲ್ಬುಮಿನ್ ಬಳಸುತ್ತಾರೆ. ಬ್ಲಾಕಿಂಗ್ ಅತಿಯಾದರೂ ಕಷ್ಟ. ನಮ್ಮ ಪ್ರೋಟೀನ್ ಮೆಂಬ್ರೇನಿಗೆ ಬಿಗಿಯಾದ ಬಂಧದಲ್ಲಿಲ್ಲ ಎಂದೆನಲ್ಲ, ಟ್ವೀನ್ ಜಾಸ್ತಿ ಹಾಕಿ ಗಂಟೆಗಟ್ಟಲೆ ತೊಳೆದರೆ ಒಂದಿಷ್ಟು ಎದ್ದುಹೋಗುತ್ತದೆ, ಅದರಲ್ಲೂ ಚಿಕ್ಕವು.

ಉಳಿದದ್ದು ಹೆಚ್ಚಿನವರಿಗೆ ಗೊತ್ತಿರುವುದೇ. ಮೊದಲ ಆಂಟಿಬಾಡಿ ಗುರಿಯನ್ನು ಹಿಡಿಯುತ್ತದೆ, ಎರಡನೆಯದು ಮೊದಲನೆಯದನ್ನು ಹಿಡಿಯುತ್ತದೆ. ಎರಡನೆಯದರ ಬೆನ್ನಿಗೆ ಪೆರಾಕ್ಸಿಡೇಸ್ ಎಂಬ ಕಿಣ್ವ ಕಟ್ಟಿರುತ್ತಾರೆ. ಲ್ಯೂಮಿನಾಲ್ ಎಂಬ ರಾಸಾಯನಿಕ ಹಾಕಿದರೆ ಆ ಜಾಗ ಬೆಳಕು ಸೂಸುತ್ತದೆ, ಕ್ಯಾಮೆರಾ ಹಿಡಿಯುತ್ತದೆ. ಆಂಟಿಬಾಡಿ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕುವ ರೂಢಿ ಇದೆ. ಪೆರಾಕ್ಸಿಡೇಸ್ ಇರುವ ದ್ರಾವಣಕ್ಕೆ ಅದು ಬೀಳಬಾರದು, ಕಿಣ್ವ ಕೆಲಸ ನಿಲ್ಲಿಸುತ್ತದೆ. ಆಂಟಿಬಾಡಿ ವಿಪರೀತ ಜಾಸ್ತಿಯಾದರೆ ಇನ್ನೊಂದು ವಿಚಿತ್ರ. ಬ್ಯಾಂಡಿನ ನಟ್ಟನಡುವೆ ಲ್ಯೂಮಿನಾಲ್ ಕ್ಷಣದಲ್ಲಿ ಮುಗಿದು ಅಂಚು ಮಾತ್ರ ಹೊಳೆಯುತ್ತದೆ, ನಡುವೆ ಖಾಲಿ. ಮೆಂಬ್ರೇನನ್ನು ಬೆಳಕಿಗೆ ಹಿಡಿದು ನೋಡಿದರೆ ಅದೇ ಜಾಗದಲ್ಲಿ ಕಂದು ಕಲೆ ಬಿದ್ದಿರುತ್ತದೆ. ಆಗ ಆಂಟಿಬಾಡಿಯನ್ನು ಹತ್ತು ಪಟ್ಟು ತೆಳು ಮಾಡಿ.

ಪಿವಿಡಿಎಫ್ ತಗೊಳ್ಳಬೇಕಾ?

ಒಂದೇ ಬ್ಲಾಟನ್ನು ತೊಳೆದು ಬೇರೆ ಬೇರೆ ಆಂಟಿಬಾಡಿ ಹಾಕಿ ಮೂರು ನಾಲ್ಕು ಸಲ ನೋಡುವುದಿದ್ದರೆ ತಗೊಳ್ಳಿ. ಪಿವಿಡಿಎಫ್ ಗಟ್ಟಿ, ಬಾಗಿದರೆ ಮುರಿಯದು, ಪ್ರೋಟೀನನ್ನೂ ಇನ್ನಷ್ಟು ಜಾಸ್ತಿ ಹಿಡಿಯುತ್ತದೆ. ನೈಟ್ರೋಸೆಲ್ಯುಲೋಸ್ ಒಣಗಿದರೆ ಹಪ್ಪಳದಷ್ಟೇ ಬೇಗ ಮುರಿಯುತ್ತದೆ. ಒಳಗೆ ಪಾಲಿಯೆಸ್ಟರ್ ಜಾಲರಿ ಇರುವ ಬಗೆಯೂ ಸಿಗುತ್ತದೆ, ಅದು ಅಷ್ಟು ಸೂಕ್ಷ್ಮವಲ್ಲ. ಒಂದೇ ಸಲ ನೋಡುವ ದಿನನಿತ್ಯದ ಕೆಲಸಕ್ಕೆ ನಾನಂತೂ ನೈಟ್ರೋಸೆಲ್ಯುಲೋಸ್ ಕಡೆಗೇ. ನೀರಿನಲ್ಲೇ ನೆನೆಯುತ್ತದೆ, ಹಿನ್ನೆಲೆ ಸ್ವಚ್ಛವಾಗಿ ಬರುತ್ತದೆ.

ಲ್ಯಾಬಿನಾಚೆಗೂ ಈ ಹಾಳೆ ದುಡಿದಿದೆ. ಎಚ್‌ಐವಿ ಪರೀಕ್ಷೆಯಲ್ಲಿ ಬಹಳ ವರ್ಷ ಕೊನೆಯ ಮಾತು ಹೇಳುತ್ತಿದ್ದದ್ದು ವೆಸ್ಟರ್ನ್ ಬ್ಲಾಟ್. ವೈರಸ್ಸಿನ ಪ್ರೋಟೀನ್‌ಗಳನ್ನು ಮೊದಲೇ ದಾಟಿಸಿಟ್ಟ ನೈಟ್ರೋಸೆಲ್ಯುಲೋಸ್ ಪಟ್ಟಿಗೆ ರೋಗಿಯ ಸೀರಮ್ ಹಾಕಿ, ಪಿ24, ಜಿಪಿ41, ಜಿಪಿ120 ಮುಂತಾದ ಜಾಗದಲ್ಲಿ ಗೆರೆ ಮೂಡುತ್ತದೆಯೇ ಎಂದು ನೋಡುತ್ತಿದ್ದರು. ಅಂದರೆ ಇಲ್ಲಿ ಪ್ರೋಟೀನ್ ಗೊತ್ತಿದ್ದದ್ದು, ಹುಡುಕುತ್ತಿದ್ದದ್ದು ಆಂಟಿಬಾಡಿಯನ್ನು. ಸೋಂಕು ತಗುಲಿದ ಆರಂಭದ ವಾರಗಳನ್ನು ಇದು ಹಿಡಿಯದು, ಅರ್ಧಂಬರ್ಧ ಗೆರೆ ಬಂದು ಗೊಂದಲವೂ ಆಗುತ್ತದೆ. ಹೀಗಾಗಿ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಬಿಡಿ ಎಂದಿತು. ಆದರೆ ಹಾಳೆ ಕೈಬಿಡಲಿಲ್ಲ. ಮೂಗಿನ ಕಡ್ಡಿಯ ಕೋವಿಡ್ ರ್‍ಯಾಪಿಡ್ ಟೆಸ್ಟ್, ಮೆಡಿಕಲ್ ಶಾಪಿನ ಗರ್ಭ ಪರೀಕ್ಷೆಯ ಕಿಟ್, ಡೆಂಗ್ಯೂ, ಮಲೇರಿಯಾದ ಕಾರ್ಡ್ ಟೆಸ್ಟ್, ಎಲ್ಲದರ ಕಿಟಕಿಯಲ್ಲಿ ಕಾಣುವ ಬಿಳಿ ಪಟ್ಟಿ ನೈಟ್ರೋಸೆಲ್ಯುಲೋಸೇ. ಅಲ್ಲಿ ಜೆಲ್ ಇಲ್ಲ, ವಿದ್ಯುತ್ ಇಲ್ಲ. ಆಂಟಿಬಾಡಿಯನ್ನು ಕಾರ್ಖಾನೆಯಲ್ಲೇ ಗೆರೆಯಾಗಿ ಎಳೆದಿರುತ್ತಾರೆ, ಅದು ಅಲ್ಲೇ ಅಂಟಿ ನಿಲ್ಲುತ್ತದೆ. ದ್ರವ ತಾನಾಗಿಯೇ ಹರಿಯಬೇಕಾದ್ದರಿಂದ ರಂಧ್ರಗಳು ಮಾತ್ರ ಬ್ಲಾಟಿಂಗ್ ಹಾಳೆಗಿಂತ ಬಹಳ ದೊಡ್ಡವು, ಹಲವು ಮೈಕ್ರಾನ್‌ನಷ್ಟು. ಆ ಕಿಟ್‌ಗಳ ಪೊಟ್ಟಣದಲ್ಲಿ ತೇವ ಹೀರುವ ಚೀಲ ಇಡುವುದು, ಬಳಸುವವರೆಗೆ ತೆರೆಯಬೇಡಿ ಅನ್ನುವುದು ಸುಮ್ನೆ ಅಲ್ಲ. ತೇವ ಏರುಪೇರಾದರೆ ಹಾಳೆಯಲ್ಲಿ ದ್ರವ ಹರಿಯುವ ವೇಗವೇ ಬದಲಾಗುತ್ತದೆ.

ಕೊನೆಗೆ ಹಾಳೆಯನ್ನು ಇಡುವ ಮಾತು. ಮೆಂಬ್ರೇನಿನಲ್ಲಿ ನೈಟ್ರೋಜನ್ ಪ್ರಮಾಣ ಗನ್‌ಕಾಟನ್‌ಗಿಂತ ಕಡಿಮೆ, ಆದರೂ ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ. ಸರಕು ಸಾಗಣೆಯಲ್ಲಿ ನೈಟ್ರೋಸೆಲ್ಯುಲೋಸ್ ಮೆಂಬ್ರೇನ್ ಫಿಲ್ಟರ್‌ಗಳಿಗೆ ಉರಿಯುವ ಘನವಸ್ತುಗಳ ಸಾಲಿನಲ್ಲಿ ವಿಶ್ವಸಂಸ್ಥೆಯ 3270 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ, ನೈಟ್ರೋಜನ್ ಮಿತಿ 12.6 ಶೇಕಡಾ. ಬರ್ನರ್ ಹತ್ತಿರ ಬೇಡ, ಕಿಟಕಿಯ ಬಿಸಿಲಿಗೂ ಬೇಡ. ವರ್ಷಗಳಾದಂತೆ ಹಾಳೆ ಹಳದಿಗೆ ತಿರುಗುತ್ತದೆ, ನೀರು ಹೀರುವುದೂ ಕಡಿಮೆಯಾಗುತ್ತದೆ. ಡಬ್ಬಿ ಹಳೆಯದಾಗಿದ್ದರೆ ಒಂದು ಚೂರು ಕತ್ತರಿಸಿ ನೀರಿನ ಮೇಲೆ ಬಿಡಿ. ಸಮನಾಗಿ ನೆನೆಯದೆ ಅಲ್ಲಲ್ಲಿ ಬಿಳಿ ಉಳಿದರೆ, ಕಷ್ಟಪಟ್ಟು ತಯಾರಿಸಿದ ಸ್ಯಾಂಪಲನ್ನು ಆ ಡಬ್ಬಿಯ ಹಾಳೆಗೆ ಹಾಕಬೇಡಿ.